ಮೀಸೆ ಪಣಕ್ಕಿಟ್ಟು ಸುಟ್ಟ ಕಜ್ಜಾಯ

ನನ್ನ ಬಲಗೈ ಮಣಿಕಟ್ಟಿನ ಮೇಲೆ ಹುಣಸೆಬೀಜದಷ್ಟು ದೊಡ್ಡ ಸುಟ್ಟ ಕಲೆಯೊಂದಿದೆ. ನೋಡಿದವರೆಲ್ಲ ಅದೇನೆಂದು ಕೇಳುತ್ತಾರೆ. ನಾನು ಒಬ್ಬೊಬ್ಬರಿಗೆ ಒಂದೊಂದು ಕತೆ ಹೇಳುತ್ತೇನೆ. ಬ್ಯಾಂಕಿಗೆ ಹೊಸದಾಗಿ ಬಂದ ಮೇನೇಜರರಿಗೆ, ಪ್ರಾಯದಲ್ಲಿ ಕಪಿಲಾ ನದಿಯಲ್ಲಿ ಮೊಸಳೆಯ ಬಾಯಿಂದ ಕೈ ಎಳೆದುಕೊಂಡಾಗ ಆದದ್ದು ಎಂದೆ. ಅವರು ಕುರ್ಚಿ ಹಾಕಿಸಿ ಕಾಫಿ ತರಿಸಿದರು. ಸ್ನಾನಘಟ್ಟದಲ್ಲಿ ಸಿಕ್ಕಿದ ಪರವೂರಿನ ಯಾತ್ರಿಕರಿಗೆ, ಇದು ಹುಟ್ಟಿದಾಗಲೇ ಇತ್ತು, ಶಿವನ ಮೂರನೇ ಕಣ್ಣಿನ ಗುರುತು ಎಂದೆ. ಅವರಲ್ಲೊಬ್ಬ ಅಜ್ಜಿ ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಆಗ ಸ್ವಲ್ಪ ನಾಚಿಕೆಯಾಯಿತು. ಸ್ವಲ್ಪವೇ.

ನಿಮಗೆ ಮಾತ್ರ ನಿಜ ಹೇಳುತ್ತೇನೆ. ಅದು ಕಜ್ಜಾಯ ಸುಡುವಾಗ ಎಣ್ಣೆ ಸಿಡಿದು ಆದದ್ದು. ಮೂವತ್ತೆಂಟು ವರ್ಷ ನಂಜನಗೂಡಿನ ಪೇಟೆಯಲ್ಲಿ ಮೊಳೆ, ತಗಡು, ಪೈಪು ಮಾರಿದ ಈ ನಂಜುಂಡಪ್ಪ ತನ್ನ ಎಪ್ಪತ್ತನೆಯ ವಯಸ್ಸಿನಲ್ಲಿ ಕಜ್ಜಾಯ ಕಲಿತ. ಕಲಿತ ಎಂದರೆ ಸಾಲದು. ಸುತ್ತೂರಿನಿಂದ ಹಿಡಿದು ನರಸೀಪುರದವರೆಗೆ ನನ್ನ ಹಾಗೆ ಕಜ್ಜಾಯ ಸುಡುವ ಗಂಡಸು ಇನ್ನೊಬ್ಬನಿಲ್ಲ. ಹೆಂಗಸರ ವಿಷಯ ನಾನು ಎತ್ತುವುದಿಲ್ಲ. ದಿನಾ ಮನೆಯಲ್ಲೇ ಊಟ ಮಾಡಬೇಕಲ್ಲ.

ಕಜ್ಜಾಯವೆಂದರೆ ಅಕ್ಕಿ, ಬೆಲ್ಲ, ಎಣ್ಣೆ, ಅಷ್ಟೇ ತಾನೇ ಎಂದು ನೀವು ಅಂದುಕೊಂಡಿರಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಅಕ್ಕಿ ನೆನೆಸಿ, ನೆರಳಲ್ಲಿ ಆರಿಸಿ, ಇನ್ನೂ ತೇವವಿರುವಾಗಲೇ ಹಿಟ್ಟು ಮಾಡಬೇಕು. ಬೆಲ್ಲದ ಪಾಕ ತೆಗೆದು, ಹಿಟ್ಟು ಕಲೆಸಿ, ಒಂದು ರಾತ್ರಿಯಾದರೂ ಮುಚ್ಚಿಡಬೇಕು. ಆಮೇಲೆ ಬಾಳೆಲೆಯ ಮೇಲೆ ತಟ್ಟಿ ಎಣ್ಣೆಗೆ ಬಿಡಬೇಕು. ಇದರಲ್ಲಿ ಪಾಕವೊಂದೇ ಕಷ್ಟ. ಒಂದು ನಿಮಿಷ ಮುಂಚೆ ಇಳಿಸಿದರೆ ಕಜ್ಜಾಯ ಎಣ್ಣೆಯಲ್ಲಿ ಕರಗಿಹೋಗುತ್ತದೆ, ಒಂದು ನಿಮಿಷ ತಡವಾದರೆ ಹಲ್ಲು ಹೋಗುತ್ತದೆ. ನಮ್ಮ ಅವ್ವ ಪಾಕ ತೆಗೆಯುವಾಗ ಅಡುಗೆಮನೆಯ ಕದ ಹಾಕಿಕೊಳ್ಳುತ್ತಿದ್ದಳು. ಮಗಳಿಲ್ಲ, ಸೊಸೆಯಿಲ್ಲ, ಯಾರಿಗೂ ಪ್ರವೇಶವಿಲ್ಲ. ಕೇಳಿದರೆ, ‘ಪಾಕಕ್ಕೆ ದೃಷ್ಟಿ ಆಯ್ತದೆ’ ಎನ್ನುವಳು. ಸುಟ್ಟಾದ ಮೇಲೆ ಮಡಕೆಗೆ ತುಂಬಿ, ನೆಲುವಿಗೆ ಹಾಕಿ, ತೊಲೆಗೆ ನೇತುಹಾಕುವಳು.

ನೇತುಹಾಕಿದ್ದು ನನಗಾಗಿಯೇ. ಅಂದರೆ ನನಗೆ ಸಿಗಬಾರದು ಎಂದು. ಆದರೆ ಅಡುಗೆಮನೆಯ ಮೇಲೆ ಅಟ್ಟವಿತ್ತು. ಪಾಕದ ದಿನವೂ ಮಾರನೆಯ ದಿನ ಸುಡುವಾಗಲೂ ಅವ್ವ ಒಳಗೆ ಬರುವ ಮುಂಚೆಯೇ ನಾನು ಅಟ್ಟ ಹತ್ತಿ, ಹಳೆ ಗೋಣಿಚೀಲದ ಕೆಳಗೆ ಹಲ್ಲಿಯ ಹಾಗೆ ಮಲಗಿರುತ್ತಿದ್ದೆ. ಅವಳು ಮಡಕೆ ತೂಗುಹಾಕಿ ಹೊರಗೆ ಹೋದಮೇಲೆ ಕೈ ಇಳಿಬಿಟ್ಟು ಕಜ್ಜಾಯ ಎತ್ತಿ, ಮಡಕೆ ಹಗುರಾಗದಂತೆ ಅಷ್ಟೇ ತೂಕದ ಕಲ್ಲು ಹಾಕುತ್ತಿದ್ದೆ. ಮೂರು ದಿನ ಬಿಟ್ಟು ಅವ್ವ ನೆಂಟರ ಮುಂದೆ ಮಡಕೆ ಬಗ್ಗಿಸಿದರೆ ತಟ್ಟೆಯ ತುಂಬ ಕಪಿಲೆಯ ನುಣುಪು ಕಲ್ಲು.

ಅವ್ವ ಹೊಡೆಯಲಿಲ್ಲ. ಮುಂದಿನ ದೀಪಾವಳಿಗೆ ಎಲ್ಲರ ಮುಂದೆ ನನ್ನನ್ನು ಕರೆದು, ‘ಬಾ ಮಗ, ಮೊದಲನೇದು ನಿಂಗೆ’ ಎಂದು ಬಿಸಿ ಕಜ್ಜಾಯ ಕೊಟ್ಟಳು. ಒಳಗೆ ಹಸಿಮೆಣಸಿನಕಾಯಿ ಅರೆದು ಇಟ್ಟಿದ್ದಳು. ನಾನೂ ಅವಳ ಮಗನೇ. ಕಣ್ಣಲ್ಲಿ ನೀರು ಬರದಂತೆ ತಿಂದು ಮುಗಿಸಿ, ‘ಚೆನ್ನಾಗದೆ ಅವ್ವ, ಇನ್ನೊಂದ್ ಕೊಡು’ ಎಂದೆ. ಕೊಟ್ಟೇಬಿಟ್ಟಳು. ಎರಡನೆಯದರಲ್ಲೂ ಇತ್ತು. ನನ್ನ ಜೀವನದಲ್ಲಿ ನನ್ನನ್ನು ಸೋಲಿಸಿದವಳು ಅವಳೊಬ್ಬಳೇ.

ಇನ್ನು ಅಕ್ಕನ ವಿಷಯ ಹೇಳಬೇಕು. ನನಗಿಂತ ಐದು ವರ್ಷಕ್ಕೆ ದೊಡ್ಡವಳು, ಹೆಸರು ದಾಕ್ಷಾಯಿಣಿ. ನರಸೀಪುರದ ಆಚೆ ಹೆಮ್ಮಿಗೆಗೆ ಕೊಟ್ಟಿದ್ದೇವೆ. ಮದುವೆಯಾದ ಮೊದಲ ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಹೋಗಬೇಕು, ಜೊತೆಗೆ ಒಂದು ಡಬ್ಬಿ ಕಜ್ಜಾಯ. ಹದಿನಾರರ ನನ್ನ ಕೈಗೆ ಕೊಟ್ಟು ಬಸ್ಸು ಹತ್ತಿಸಿದರು. ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಹೆಮ್ಮಿಗೆಯ ಬಸ್ಸು ಬರುವುದು ತಡವಾಯಿತು, ತಪ್ಪು ಬಸ್ಸಿನದು. ಅರ್ಧ ಡಬ್ಬಿ ಖಾಲಿಯಾಯಿತು. ಖಾಲಿ ಡಬ್ಬಿ ಒಯ್ಯುವುದು ತವರಿಗೆ ಅವಮಾನ. ಅದಕ್ಕೆ ಹೆಮ್ಮಿಗೆಯಲ್ಲಿ ಇಳಿದು, ಯಾರದೋ ಗೋಡೆಗೆ ತಟ್ಟಿದ್ದ ಪುಟ್ಟ ಪುಟ್ಟ ಬೆರಣಿಗಳನ್ನು ಕಿತ್ತು ಡಬ್ಬಿಯ ತಳಕ್ಕೆ ಒಪ್ಪವಾಗಿ ಜೋಡಿಸಿ, ಮೇಲೆ ಕಜ್ಜಾಯ ಇಟ್ಟೆ. ಡಬ್ಬಿ ಬಿಚ್ಚಿ ನೆರೆಹೊರೆಗೆ ಹಂಚಿದ್ದು ಅಕ್ಕನ ಅತ್ತೆ.

ಆಮೇಲೆ ಎರಡು ಗೌರಿ ಹಬ್ಬ ದಾಟುವವರೆಗೆ ಅಕ್ಕ ನನ್ನೊಡನೆ ಮಾತಾಡಲಿಲ್ಲ. ಐವತ್ತು ವರ್ಷವಾದರೂ ನಾನು ಏನು ಕೊಟ್ಟರೂ ಮೊದಲು ಮೂಸಿ ನೋಡುತ್ತಾಳೆ.

ಅವ್ವ ಹೋದದ್ದು ಎರಡು ವರ್ಷದ ಹಿಂದೆ, ಆಷಾಢದಲ್ಲಿ. ತೊಂಬತ್ತನಾಲ್ಕು ವರ್ಷ ಬದುಕಿ, ಬೆಳಗಿನ ಕಾಫಿ ಕುಡಿದು, ‘ಸಕ್ಕರೆ ಕಮ್ಮಿ’ ಎಂದು ಸೊಸೆಯ ಮೇಲೆ ಒಂದು ದೂರು ಹೇಳಿ, ಮಲಗಿದವಳು ಏಳಲಿಲ್ಲ. ನಮ್ಮಲ್ಲಿ ಹೋದವರನ್ನು ಕೂರಿಸಿ, ವಿಭೂತಿ ಹಚ್ಚಿ, ಕೂತ ಹಾಗೆಯೇ ಮಣ್ಣು ಮಾಡುವುದು. ಪಡಸಾಲೆಯಲ್ಲಿ ಅವ್ವನನ್ನು ಕೂರಿಸಿದಾಗ ನನ್ನ ಬಾಯಿ ಸುಮ್ಮನಿರಲಿಲ್ಲ. ‘ಇವತ್ತಾದ್ರೂ ಒಂದ್ ಕಡೆ ಸುಮ್ಕೆ ಕೂತವ್ಳಲ್ಲಾ’ ಎಂದುಬಿಟ್ಟೆ. ಇಬ್ಬರು ನಕ್ಕರು. ಅಕ್ಕ ತಲೆಯೆತ್ತಿ ನನ್ನನ್ನು ನೋಡಿದಳು. ಆ ನೋಟ ಹಾಗೇ ಇರಲಿ, ಅದನ್ನು ಬಣ್ಣಿಸುವ ಶಕ್ತಿ ನನಗಿಲ್ಲ.

ನನಗೆ ಅಳು ಬರಲಿಲ್ಲ. ಎಲ್ಲರೂ ಅತ್ತರು, ನನ್ನ ಹೆಂಡತಿ ರತ್ನ ಅತ್ತಳು. ಅವ್ವನ ಜೊತೆ ನಲವತ್ತೈದು ವರ್ಷ ಜಗಳವಾಡಿದವಳು ಅತ್ತಳು, ನಾನು ಅಳಲಿಲ್ಲ.

ಹನ್ನೊಂದನೆಯ ದಿನದ ಊಟವಾದ ಮೇಲೆ ಅಕ್ಕ ಚೀಲ ಹಿಡಿದು ಹೊರಟಳು. ಹೊಸಿಲು ದಾಟಿ ನಿಂತು ಹೇಳಿದಳು, ‘ಇನ್ನು ನಂಗೆ ತವರು ಅನ್ನಾದು ಮುಗೀತು ಕಣಪ್ಪ. ವರ್ಷದ ಎಡೆಗೆ ಬತ್ತೀನಿ. ಅದೇ ಕಡೆ.’

‘ಯಾಕಕ್ಕಾ, ನಾನು ಬದುಕಿಲ್ವಾ?’ ಎಂದೆ.

‘ನೀನಿದ್ದೀಯೆ. ಅಬ್ಬಕ್ಕೆ ಬಂದ್ರೆ ಯಾರ್ ಕೈ ಕಜ್ಜಾಯ ತಿನ್ನಾನ? ನಿನ್ ಕೈದಾ? ನಿನ್ ಡಬ್ಬಿ ನೋಡಿವ್ನಿ ನಾನು.’

ರತ್ನ ಸೆರಗು ಬಾಯಿಗೆ ಒತ್ತಿ ನಗು ತಡೆದಳು. ನನಗೆ ರೋಷ ಬಂತು. ಮೀಸೆಗೆ ಕೈ ಹಾಕಿದೆ. ನನ್ನ ಮೀಸೆ ಸಾಮಾನ್ಯದ್ದಲ್ಲ, ಅಂಗಡಿಯ ಬೋರ್ಡಿಗಿಂತ ಅದೇ ಜನರಿಗೆ ಗುರುತು. ‘ವರ್ಷದ ಎಡೆಗೆ ನಾನೇ ಕಜ್ಜಾಯ ಸುಡ್ತೀನಿ. ತಿಂದು, ಇದು ಅವ್ವಂದೇ ಅಂತ ನಿನ್ ಬಾಯಲ್ಲಿ ಬರ್ಬೇಕು. ಬಂದ್ರೆ ಪ್ರತಿ ಅಬ್ಬಕ್ಕೂ ನೀನು ಬರ್ಬೇಕು. ಬರ್ದೇ ಹೋದ್ರೆ ಈ ಮೀಸೆ ನಿನ್ ಮುಂದೇನೇ ಬೋಳುಸ್ಕತೀನಿ’ ಎಂದೆ.

ಅಕ್ಕ ನನ್ನ ಮೀಸೆಯನ್ನು ಒಂದು ಕ್ಷಣ ನೋಡಿದಳು. ‘ಬ್ಲೇಡು ಒಸದು ತಕ್ಕಂಡಿರು’ ಎಂದು ಹೋದಳು.

ಹೇಳಿದ್ದೇನೋ ಹೇಳಿದೆ. ಮನೆ ಖಾಲಿಯಾದ ಮೇಲೆ ಗೊತ್ತಾಯಿತು, ನನ್ನ ಕಷ್ಟ ಮೀಸೆಯದಲ್ಲ ಎಂದು. ದಿನಾ ಬೆಳಿಗ್ಗೆ ನಾನು ವಾಕಿಂಗ್ ಮುಗಿಸಿ ಬಂದು ಬಾಗಿಲಲ್ಲಿ ಒಂದು ಸುಳ್ಳು ಕೂಗುವುದು ರೂಢಿ. ‘ಅವ್ವಾ, ಕಪಿಲೆ ಉಕ್ಕಿ ನಮ್ ಬೀದಿಗೆ ಬಂದವ್ಳೆ’ ಎಂದರೆ, ಒಳಗಿಂದ, ‘ಕಾಲ್ ತೊಳ್ಕಂಡು ಒಳಕ್ಕೆ ಬಾ ಅನ್ನು’ ಎಂದು ಬರುತ್ತಿತ್ತು. ‘ಅವ್ವಾ, ನಿನ್ನ ಹುಡುಕ್ಕೊಂಡು ಯಮ ಬಂದಿದ್ದ’ ಎಂದರೆ, ‘ಸಾಲಕ್ಕಾ ಕ್ಯಾಶಿಗಾ ಕೇಳು, ಅಂಗಡಿಯವನು ನೀನಲ್ವಾ’ ಎನ್ನುವಳು. ಅವಳು ಹೋದ ಹದಿನೈದನೆಯ ದಿನವೋ ಏನೋ, ರೂಢಿಯ ಮೇಲೆ ಕೂಗಿಬಿಟ್ಟೆ. ‘ಅವ್ವಾ, ಬಾಗಿಲಲ್ಲಿ ಆನೆ ನಿಂತದೆ.’ ಒಳಗಿಂದ ಫ್ಯಾನಿನ ಸದ್ದು ಮಾತ್ರ ಬಂತು. ಅಲ್ಲೇ ಜಗಲಿಯ ಮೇಲೆ ಕೂತೆ. ಸುಳ್ಳು ಹೇಳುವವನಿಗೆ ನಂಬುವವರು ಸಾವಿರ ಜನ ಸಿಗುತ್ತಾರೆ. ನಂಬದೆ ಮರುಮಾತು ಕೊಡುವವರು ಒಬ್ಬರೇ ಇರುತ್ತಾರೆ.

ಆ ವರ್ಷ ಗೌರಿ ಹಬ್ಬ ಬಂತು, ಬಾಗಿನ ಹೋಗಲಿಲ್ಲ. ದೀಪಾವಳಿ ಬಂತು, ಹಾಗೇ ಹೋಯಿತು. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಬಾಣಲೆ ಇಡುವ ಹಾಗಿಲ್ಲ, ಎಣ್ಣೆ ಕಾಯಿಸಿ ಕರಿದದ್ದು ಏನೂ ಮಾಡಬಾರದು. ನೆಂಟರು ತಂದುಕೊಟ್ಟರೆ ತಿನ್ನಬಹುದು. ತಂದೂ ಕೊಟ್ಟರು, ಹತ್ತು ಮನೆಯ ಕಜ್ಜಾಯ. ಒಂದೂ ಗಂಟಲಲ್ಲಿ ಇಳಿಯಲಿಲ್ಲ. ಅಭ್ಯಾಸ ಮಾಡೋಣವೆಂದು ನಾನು ಬಾಣಲೆಗೆ ಕೈ ಹಾಕಿದರೆ ರತ್ನ ಕಿತ್ತುಕೊಂಡಳು.

‘ನಮ್ಮಲ್ಲಿ ಸೂತಕವೇ ಇಲ್ಲ ಅಂತ ಮಠದಲ್ಲಿ ಹೇಳ್ತಾರೆ’ ಎಂದೆ.

‘ಹಾಗಾದ್ರೆ ಮಠದಲ್ಲೇ ಹೋಗಿ ಕರೀರಿ’ ಎಂದಳು.

ನಾನು ಮಠಕ್ಕೆ ಹೋಗಲಿಲ್ಲ, ಕಳಲೆಗೆ ಹೋದೆ. ಅಲ್ಲಿ ನನ್ನ ಗೆಳೆಯ ಮಾದೇಗೌಡನ ತೋಟವಿದೆ. ನನ್ನ ಅಂಗಡಿಯಲ್ಲಿ ಪೈಪು ಕೊಳ್ಳಲು ಬಂದು ಜಗಳವಾಡಿ ಗೆಳೆಯನಾದವನು. ಎರಡು ಹಸು ಸಾಕಿಕೊಂಡು ಡೈರಿಗೆ ಹಾಲು ಹಾಕುತ್ತಾನೆ. ತೋಟದ ಪಂಪ್‌ಸೆಟ್ ಮನೆಯಲ್ಲಿ ಒಂದು ಹಳೆಯ ಗ್ಯಾಸ್ ಒಲೆ ಇಟ್ಟುಕೊಂಡೆವು. ಕಾನೂನು ಸರಿಯಾಗಿತ್ತು ನೋಡಿ. ಮನೆ ಅವನದು, ಒಲೆ ಅವನದು, ಬಾಣಲೆ ಅವನದು. ಕೈ ಮಾತ್ರ ನನ್ನದು.

‘ನಿನ್ ಕೈಗೆ ಸೂತ್ಕ ಇಲ್ವಾ?’ ಎಂದ ಗೌಡ.

‘ಗ್ಲೌಸ್ ಹಾಕ್ಕತೀನಿ’ ಎಂದೆ.

ಮೊದಲ ಸಲ ಅಂಗಡಿಯ ಒಣ ಅಕ್ಕಿಹಿಟ್ಟು ತಂದು ಕಲೆಸಿದೆ. ಎಣ್ಣೆಗೆ ಬಿಟ್ಟ ಕಜ್ಜಾಯ ಎರಡು ಸುತ್ತು ತಿರುಗಿ ಮಾಯವಾಯಿತು. ಗೌಡ ಬಾಣಲೆಯೊಳಕ್ಕೆ ಬಗ್ಗಿ ನೋಡಿ, ‘ಎಲ್ಲೋಯ್ತ್ಲಾ ನಂಜ? ಈಗ್ತಾನೆ ಇಲ್ಲೇ ಇತ್ತು’ ಎಂದ. ಎರಡನೆಯ ಸಲ ಬುದ್ಧಿ ಬಂದು ಅಕ್ಕಿ ನೆನೆಸಿ, ಆರಿಸಿ, ಮಿಲ್ಲಿಗೆ ಕೊಟ್ಟು ಬೀಸಿಸಿದೆ. ನನಗಿಂತ ಮುಂಚೆ ಆ ಮಿಷನ್ನಿನಲ್ಲಿ ಯಾರದೋ ಮದುವೆ ಮನೆಯ ಖಾರದಪುಡಿ ಆಗಿತ್ತು. ಗೌಡ ಒಂದು ಕಚ್ಚಿ ನೇರ ನೀರಿನ ತೊಟ್ಟಿಗೆ ಬಾಯಿ ಇಟ್ಟ. ಮೂರನೆಯ ಸಲ ನಾನು ನನ್ನ ಕಸುಬಿನ ಬುದ್ಧಿ ಉಪಯೋಗಿಸಿದೆ. ಗಾರೆ ಕಲೆಸುವ ಲೆಕ್ಕದಲ್ಲಿ ಹಿಟ್ಟಿಗೂ ಬೆಲ್ಲಕ್ಕೂ ಅಳತೆ ಹಾಕಿ, ಪಾಕ ತಟ್ಟೆಗೆ ಬಿದ್ದರೆ ಟಣ್ಣೆನ್ನುವವರೆಗೆ ಕುದಿಸಿದೆ. ಗೌಡ ಅದರಲ್ಲೊಂದನ್ನು ಎರಡು ಕೈಯಲ್ಲಿ ತಿರುಗಿಸಿ ನೋಡಿ, ಹೊರಗೆ ಹೋಗಿ, ಗಾಳಿಗೆ ಬಡಿದುಕೊಳ್ಳುತ್ತಿದ್ದ ಪಂಪ್‌ಸೆಟ್ ಮನೆಯ ಬಾಗಿಲ ಕೆಳಗೆ ಅದನ್ನೇ ಆಪಾಗಿ ತುರುಕಿದ. ಅದು ಇವತ್ತಿಗೂ ಅಲ್ಲೇ ಇದೆ. ಉಳಿದವನ್ನು ನೀರಲ್ಲಿ ನೆನೆಸಿ ಹಸುಗಳಿಗೆ ಹಾಕಿದ. ಅವು ಅವತ್ತು ಹಾಲು ಜಾಸ್ತಿ ಕೊಟ್ಟವಂತೆ. ನನ್ನ ಅಡುಗೆಗೆ ಸಿಕ್ಕ ಮೊದಲ ಮೆಚ್ಚುಗೆ ಅದು.

ಇಷ್ಟಾದರೂ ದಿನ ಬಿಟ್ಟು ದಿನ ಕಳಲೆಯ ಬಸ್ಸು ಹತ್ತುತ್ತಿದ್ದೆ. ಯಾಕೆಂದು ಆಗ ಕೇಳಿದ್ದರೆ ಮೀಸೆಗಾಗಿ ಎನ್ನುತ್ತಿದ್ದೆ. ನಿಜವೇನೆಂದರೆ, ತೇವದ ಹಿಟ್ಟನ್ನು ಜರಡಿ ಹಿಡಿಯುವಾಗ ತಲೆಯೊಳಗೆ ಏನೂ ಇರುತ್ತಿರಲಿಲ್ಲ. ಬೆಲ್ಲ ಕರಗುವ ವಾಸನೆ ಏಳುತ್ತಿದ್ದಂತೆ ಎದೆಯಲ್ಲಿ ಎಲ್ಲೋ ಬಿಗಿದ ನಟ್ಟೊಂದು ಅರ್ಧ ಸುತ್ತು ಸಡಿಲವಾಗುತ್ತಿತ್ತು. ಮನೆಯಲ್ಲಿ ಕೂತರೆ ಅವ್ವನ ಖಾಲಿ ಮಂಚ ಕಾಣುತ್ತಿತ್ತು. ಇಲ್ಲಿ ಕೂತರೆ ಅವ್ವ ಪಕ್ಕದಲ್ಲಿ ನಿಂತು, ‘ಥೂ, ಸುಡುಗಾಡೇ, ಉರಿ ಕಮ್ಮಿ ಮಾಡು’ ಎಂದು ಬೈಯುತ್ತಿರುವ ಹಾಗಿರುತ್ತಿತ್ತು. ಬೈಗುಳಕ್ಕೆ ಸಮನಾದ ಬೇರೆ ಸಾಂತ್ವನ ನನಗೆ ಗೊತ್ತಿಲ್ಲ.

ಅಂಟು ಕೈಯಲ್ಲಿ ಮನೆಗೆ ಬಂದರೆ ರತ್ನ ಕೇಳುವಳು, ‘ಕೈ ಯಾಕೆ ಹೀಗಿದೆ?’

‘ಆಲೆಮನೆ ನೋಡಕ್ಕೆ ಹೋಗಿದ್ದೆ.’

‘ದಿನಾನಾ?’

‘ಬೆಲ್ಲದ ಮೇಲೆ ಸಂಶೋಧನೆ.’

ಒಂದು ದಿನ ಕಳಲೆಯಲ್ಲಿ ಚೀಲ ಬಿಚ್ಚಿದರೆ ನಾನು ಕೊಳ್ಳದ ಒಂದು ಪೊಟ್ಟಣ ಗಸಗಸೆ ಒಳಗಿತ್ತು. ಕಜ್ಜಾಯಕ್ಕೆ ಗಸಗಸೆ ಬೀಳಬೇಕೆಂದು ನನಗೆ ನೆನಪೇ ಇರಲಿಲ್ಲ. ನಾನು ಅವಳನ್ನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅದಾದ ಮೇಲೆ ಏಲಕ್ಕಿ ಬಂತು, ಬಿಳಿ ಎಳ್ಳು ಬಂತು. ನನ್ನ ಚೀಲ ದ್ರೌಪದಿಯ ಅಕ್ಷಯಪಾತ್ರೆಯಾಯಿತು.

ಎಲ್ಲವೂ ಸೇರಿತು, ಪಾಕ ಮಾತ್ರ ಕೂಡಲಿಲ್ಲ. ಕಣ್ಣು ಕೀಳದೆ ನೋಡುತ್ತಿದ್ದೆ. ನೀರಿಗೆ ಬಿಟ್ಟು ಉಂಡೆ ಕಟ್ಟಿ ಪರೀಕ್ಷೆ ಮಾಡುವಷ್ಟರಲ್ಲಿ ಹದ ದಾಟಿಹೋಗುತ್ತಿತ್ತು. ಸಂಕ್ರಾಂತಿ ಕಳೆಯಿತು, ಯುಗಾದಿ ಬಂತು. ಅಕ್ಕನಿಗೆ ಫೋನು ಮಾಡಿದರೆ, ‘ಬ್ಲೇಡು ತಕ್ಕಂಡ್ಯಾ?’ ಎಂದು ಕೇಳಿ ಇಟ್ಟುಬಿಡುತ್ತಿದ್ದಳು. ಮೊದಲಾದರೆ ಅವ್ವನ ಹತ್ತಿರ ಮಾತಾಡಲು ದಿನಾ ತಾನೇ ಫೋನು ಮಾಡುತ್ತಿದ್ದವಳು. ಈಗ ನಾನು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅವ್ವನ ಹಿಂದೆ ಅಕ್ಕನೂ ಮೆಲ್ಲಗೆ ಎದ್ದುಹೋಗುತ್ತಿದ್ದಾಳೆ, ನಾನು ಹಿಡಿದು ನಿಲ್ಲಿಸಲಾರೆ ಎಂದು ಭಯವಾಯಿತು.

ಬೇಸಿಗೆಯ ಒಂದು ಮಧ್ಯಾಹ್ನ. ಎಂದಿನಂತೆ ಪಂಪು ಕಿವಿಯ ಪಕ್ಕದಲ್ಲೇ ಗುಂಯ್‌ಗುಡುತ್ತಿತ್ತು. ಕರೆಂಟು ಇರುವ ಹೊತ್ತಿನಲ್ಲೇ ತೋಟಕ್ಕೆ ನೀರು ಕಟ್ಟಬೇಕಲ್ಲ. ಪಾಕ ಒಲೆಯ ಮೇಲಿತ್ತು. ಇದ್ದಕ್ಕಿದ್ದಂತೆ ಕರೆಂಟು ಹೋಯಿತು. ಪಂಪು ನಿಂತಿತು, ಬಲ್ಬು ಆರಿತು. ಗೌಡ ವಿದ್ಯುತ್ ಇಲಾಖೆಯ ವಂಶಾವಳಿಯನ್ನು ಹೇಳುತ್ತ ಹೊರಗೆ ಹೋದ. ಮಬ್ಬುಗತ್ತಲೆ, ಪೂರ್ತಿ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಪಾಕದ ಸದ್ದು ಕೇಳಿಸಿತು. ಮೊದಲು ಗೊಳಗೊಳ, ನೀರಿನ ಸದ್ದು. ಸ್ವಲ್ಪ ಹೊತ್ತಿಗೆ ಅದು ತಗ್ಗಿ, ಕೆಸರಲ್ಲಿ ಎಮ್ಮೆ ನಡೆದ ಹಾಗೆ ತೊಪ್, ತೊಪ್. ಆಮೇಲೆ ಒಂದು ನಿಟ್ಟುಸಿರಿನಂಥ ಪುಸ್ಸೆನ್ನುವ ಸದ್ದು. ಅದು ಕೇಳಿದ್ದೇ ತಡ ನನ್ನ ಕೈ ತಾನಾಗಿಯೇ ಪಾತ್ರೆ ಇಳಿಸಿತು.

ಅಟ್ಟದ ಮೇಲೆ, ಗೋಣಿಚೀಲದ ಕೆಳಗೆ, ಉಸಿರು ಬಿಗಿಹಿಡಿದು ನಾನು ವರ್ಷವರ್ಷ ಕೇಳಿದ್ದ ಸದ್ದು ಅದು. ಆ ನಿಟ್ಟುಸಿರಾಗಿ ಒಂದು ಚೂರು ಹೊತ್ತಿಗೆ ಅವ್ವ ಪಾತ್ರೆ ಇಳಿಸುತ್ತಿದ್ದಳು, ಬಳೆ ಸದ್ದಾಗುತ್ತಿತ್ತು. ಯಾರೂ ನೋಡಬಾರದೆಂದು ಕದ ಹಾಕಿಕೊಂಡಳು, ಮೇಲಿದ್ದ ಕಳ್ಳನ ಕಿವಿಯನ್ನು ಮರೆತಿದ್ದಳು. ಅಥವಾ ಮರೆತಿರಲಿಲ್ಲವೋ ಏನೋ. ಗೋಣಿಚೀಲದ ಕೆಳಗೆ ನಾನಿರುವುದು ಗೊತ್ತಿಲ್ಲದಷ್ಟು ದಡ್ಡಿ ಅವಳಲ್ಲ.

ಗೌಡ ಒಳಗೆ ಬಂದಾಗ ನಾನು ಪಾತ್ರೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಹಿಟ್ಟು ಕಲೆಸುತ್ತ, ಅಳುತ್ತಿದ್ದೆ. ಹತ್ತು ತಿಂಗಳಿನದು ಒಟ್ಟಿಗೆ ಬಂದಿತ್ತು.

‘ಏನ್ಲಾ?’ ಎಂದ.

‘ಹೊಗೆ ಕಣ್ಲಾ’ ಎಂದೆ.

ಅವನು ಒಲೆ ನೋಡಿದ, ನನ್ನನ್ನು ನೋಡಿದ. ‘ಗ್ಯಾಸ್ ಒಲೇಲಿ ಒಗೆ ಬರ್ಸಿದ್ಯಲ್ಲಾ, ಭಲೇ ಅಡ್ಗೆಭಟ್ಟ’ ಎಂದು, ಹಸು ಕಟ್ಟಬೇಕೆಂದು ಮತ್ತೆ ಹೊರಗೆ ಹೋದ. ಹಸು ಕಟ್ಟಿಯೇ ಇತ್ತು.

ಮಾರನೆಯ ದಿನ ಆ ಹಿಟ್ಟಿನಿಂದ ಕಜ್ಜಾಯ ಎದ್ದಿತು. ಎಣ್ಣೆಯಲ್ಲಿ ಮುಳುಗಿ, ಉಬ್ಬಿ, ಕೆಂಪಗೆ ಮೇಲೆ ಬಂತು. ಸಂಭ್ರಮದಲ್ಲಿ ಎರಡನೆಯದನ್ನು ಎತ್ತರದಿಂದ ಎಸೆದೆ. ಮಣಿಕಟ್ಟಿನ ಕಲೆ ಆಗಿನದು. ಗೌಡ ನಾಲ್ಕು ತಿಂದು, ‘ಇನ್ನು ನಮ್ ಅಸುಗೆ ಏನ್ಲಾ ಆಕಾನ?’ ಎಂದ.

ಗೆದ್ದ ಮೇಲೆ ನಾನು ಸುಮ್ಮನಿರುವವನಲ್ಲ. ಹೊಸ ಹೊಸದು ಕಟ್ಟತೊಡಗಿದೆ. ನಮ್ಮೂರ ರಸಬಾಳೆ ಹಿಸುಕಿ ಸೇರಿಸಿದೆ, ಕಾಯಿತುರಿ ಹುರಿದು ಹಾಕಿದೆ, ಹುಚ್ಚೆಳ್ಳು ಹಾಕಿ ಬೂದುಬಣ್ಣದ ಕಜ್ಜಾಯ ಮಾಡಿದೆ. ನಡುವೆ ಬೇಯುವುದಿಲ್ಲವೆಂದು ಬೆರಳಿಂದ ತೂತು ಮಾಡಿ ‘ವಾಷರ್ ಕಜ್ಜಾಯ’ ಎಂದು ಹೆಸರಿಟ್ಟೆ. ಪ್ರತಿಯೊಂದಕ್ಕೂ ಅವ್ವ ಏನೆನ್ನುತ್ತಿದ್ದಳು ಎಂದು ಯೋಚಿಸಿ, ಅವಳ ಬೈಗುಳವನ್ನು ನಾನೇ ಗಟ್ಟಿಯಾಗಿ ಹೇಳಿಕೊಂಡು, ನಾನೇ ಉತ್ತರ ಕೊಡುತ್ತಿದ್ದೆ. ಗೌಡ ತನ್ನ ಹೆಂಡತಿಗೆ, ‘ನಂಜಂಗೆ ಸ್ವಲ್ಪ ತಲೆ ಕೆಟ್ಟದೆ, ಆದ್ರೆ ಕೈ ಸರ್ಯಾಗದೆ’ ಎಂದನಂತೆ.

ವರ್ಷದ ಎಡೆಗೆ ಎರಡು ದಿನ ಇರುವಾಗಲೇ ಅಕ್ಕ ನಂಜನಗೂಡಿನಲ್ಲಿ ಇಳಿದಳು. ಹೊಸಿಲಲ್ಲೇ ಹೇಳಿದಳು, ‘ಕಾವಲು ಕಾಯಕ್ಕೆ ಬಂದಿವ್ನಿ. ಅಂಗಡೀಲಿ ತಂದು ನಂದೇ ಅಂತೀಯೆ ನೀನು. ಪಾಕದಿಂದ ಇಡ್ದು ಎಲ್ಲಾ ನನ್ ಕಣ್ಮುಂದೇನೆ ಆಗ್ಬೇಕು.’

ಇದು ನಾನು ಎಣಿಸಿರದ ಪೆಟ್ಟು. ಐವತ್ತು ವರ್ಷ ಸುಳ್ಳು ಹೇಳಿದವನು ಒಂದು ದಿನ ನಿಜ ಮಾಡಲು ಹೊರಟರೆ ಸಾಕ್ಷಿ ಬೇಕಾಗುತ್ತದೆ. ಅವ್ವ ಯಾರನ್ನೂ ಬಿಟ್ಟುಕೊಳ್ಳದ ಕೆಲಸಕ್ಕೆ ನಾನು ಅಕ್ಕನನ್ನು ಎದುರಿಗೆ ಕೂರಿಸಿಕೊಳ್ಳಬೇಕಾಯಿತು.

ಎಡೆಯ ಹಿಂದಿನ ದಿನ ಮಧ್ಯಾಹ್ನ ಬೆಲ್ಲ ಒಲೆಗೇರಿತು. ಅಕ್ಕ ಮಣೆ ಹಾಕಿಕೊಂಡು ಪಕ್ಕದಲ್ಲಿ ಕೂತಳು. ರತ್ನ ಮಿಕ್ಸಿ ತಿರುಗಿಸುತ್ತಿದ್ದಳು, ಪಡಸಾಲೆಯಲ್ಲಿ ಮುಂಚಿತವಾಗಿ ಬಂದ ನೆಂಟರು ಟಿವಿ ಹಾಕಿಕೊಂಡು ಹರಟುತ್ತಿದ್ದರು. ನನಗೆ ಪಾಕದ ಸದ್ದೇ ಕೇಳಿಸಲಿಲ್ಲ.

‘ಮಿಕ್ಸಿ ನಿಲ್ಸು. ಟಿವಿ ಆರ್ಸಿ. ಯಾರೂ ಮಾತಾಡ್ಬೇಡಿ’ ಎಂದು ಕೂಗಿದೆ.

‘ಯಾಕ್ಲಾ, ಮಂತ್ರ ಹಾಕಿಯಾ?’ ಎಂದಳು ಅಕ್ಕ.

‘ಸುಮ್ಕಿರಕ್ಕ. ಕೇಳುಸ್ಕ.’

ಮನೆ ಮೌನವಾಯಿತು. ನಮ್ಮ ನೆಂಟರು ಒಟ್ಟಿಗೆ ಸುಮ್ಮನಾದದ್ದನ್ನು ನಾನು ಅದಕ್ಕೂ ಮುಂಚೆ ಕಂಡಿಲ್ಲ, ಆಮೇಲೂ ಕಂಡಿಲ್ಲ. ಗೊಳಗೊಳ ತಗ್ಗಿತು. ತೊಪ್ ತೊಪ್ ಶುರುವಾಯಿತು. ನಾನು ಕಣ್ಣು ಮುಚ್ಚಿದೆ. ಆ ನಿಟ್ಟುಸಿರು ಬಂತು.

‘ಸಾಕು’ ಎಂದೆ ನಾನು. ‘ಸಾಕು’ ಎಂದಳು ಅಕ್ಕ. ಒಂದೇ ಉಸಿರಿಗೆ.

ಕಣ್ಣು ಬಿಟ್ಟರೆ ಅಕ್ಕ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಾಳೆ. ‘ನಾನು ಕದದ ಇಂದ್ಗಡೆ ನಿಂತ್ಕತಿದ್ದೆ ಕಣ್ಲಾ. ಒಳಕ್ಕೆ ಬುಡ್ತಿರ್ಲಿಲ್ವಲ್ಲ’ ಎಂದಳು ಮೆಲ್ಲಗೆ. ಹಿಟ್ಟು ಕಲೆಸುವಾಗ ಅವಳ ಕೈಯೂ ಪಾತ್ರೆಯೊಳಗೆ ಬಂತು. ನಾನು ಬೇಡವೆನ್ನಲಿಲ್ಲ. ಆದರೆ ನಂಬಿಕೆ ಬೇರೆ, ಕಾವಲು ಬೇರೆ. ಪಾತ್ರೆಯ ಬಾಯಿಗೆ ಬಟ್ಟೆ ಬಿಗಿದು ಏಳು ಗಂಟು ಹಾಕಿ, ಅವಳು ಅದನ್ನು ತನ್ನ ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗಿದಳು.

ಬೆಳಿಗ್ಗೆ ವರ್ಷದ ಮೇಲೆ ಮೊದಲ ಸಲ ನಮ್ಮ ಮನೆಯಲ್ಲಿ ಬಾಣಲೆ ಏರಿತು. ನಾನು ತಟ್ಟಿದೆ, ಸುಟ್ಟೆ, ಎಣ್ಣೆ ಒತ್ತಿ ತೆಗೆದೆ. ತೂತುಗೀತು ಏನೂ ಮಾಡದೆ, ಸಾದಾ. ಸಮಾಧಿಗೆ ಹೋಗಿ ಪೂಜೆ ಮಾಡಿ ಬಂದು, ಅವ್ವನ ಫೋಟೋ ಮುಂದೆ ಎಡೆ ಇಟ್ಟು, ಕದ ಮುಂದಕ್ಕೆಳೆದು ಎಲ್ಲರೂ ಹೊರಗೆ ನಿಂತೆವು. ಅವ್ವ ಬಂದು ಉಂಡು ಹೋಗಲು ಅಷ್ಟು ಹೊತ್ತು. ಆಮೇಲೆ ಕದ ತೆರೆದು, ಅಕ್ಕನ ಎಲೆಗೆ ನಾನೇ ಒಂದು ಕಜ್ಜಾಯ ಬಡಿಸಿದೆ. ಜೇಬಿನಲ್ಲಿ ಹೊಸ ಬ್ಲೇಡಿತ್ತು. ತಂದಿರಲಿಲ್ಲ ಎಂದು ಅವಳು ಹೇಳಬಾರದಲ್ಲ.

ಅಕ್ಕ ಮೂಸಿದಳು. ಮುರಿದಳು. ಬಾಯಿಗೆ ಹಾಕಿಕೊಂಡಳು. ಅಗಿದಳು, ಅಗಿಯುತ್ತಲೇ ಇದ್ದಳು. ಪಂಕ್ತಿಯಲ್ಲಿ ಯಾರೂ ತುತ್ತೆತ್ತಲಿಲ್ಲ.

‘ಅವ್ವಂದಲ್ಲ’ ಎಂದಳು.

ನಾನು ಜೇಬಿಗೆ ಕೈ ಹಾಕಿದೆ.

ಅಕ್ಕ ಎರಡನೆಯ ತುಂಡು ಬಾಯಿಗಿಟ್ಟುಕೊಂಡಳು. ‘ಅವ್ವಂದು ಗಟ್ಟಿ. ಹಲ್ಲಿಗೆ ಅಂಟ್ಕಳದು. ಎಲ್ರೂ ಚೆನ್ನಾಗದೆ ಚೆನ್ನಾಗದೆ ಅಂತಿದ್ರು, ಬೈಸ್ಕಳಕ್ಕೆ ಯಾರಿಗ್ ಧೈರ್ಯ? ಇದು ಮೆದುವಾಗದೆ. ಅವ್ವನ್ ಕೈಲಿ ಇಂತದ್ದು ಒಂದ್ ದಿನಾನೂ ಆಗ್ಲಿಲ್ಲ’ ಎಂದಳು. ಎಂದು, ಫೋಟೋ ಕಡೆ ತಿರುಗಿ, ‘ತಪ್ಪು ತಿಳ್ಕಬ್ಯಾಡ ಕಣವ್ವ’ ಎಂದು ಸೇರಿಸಿದಳು.

ಪಂಕ್ತಿಯಲ್ಲಿ ದೊಡ್ಡ ಚರ್ಚೆಯೆದ್ದಿತು. ಅವ್ವಂದೇ ಎಂದಿಲ್ಲ, ಮೀಸೆ ಹೋಗಬೇಕು ಎಂದು ಕೆಲವರು. ಅವ್ವಂದಕ್ಕಿಂತ ಮೇಲು ಎಂದಮೇಲೆ ಇನ್ನೆಲ್ಲಿಯ ಸೋಲು ಎಂದು ಕೆಲವರು. ರತ್ನ ಸಾರು ಬಡಿಸುತ್ತ, ‘ಮೀಸೆ ಹೋದ್ರೆ ಮುಖದಲ್ಲಿ ನೋಡಕ್ಕೆ ಇನ್ನೇನಿದೆ’ ಎಂದು ನನ್ನ ಪಕ್ಷ ವಹಿಸಿದಳು. ಕೊನೆಗೆ ಅಕ್ಕ ಎಡಗೈ ಎತ್ತಿದಳು.

‘ಮೀಸೆ ಸದ್ಯಕ್ಕೆ ಇರ್ಲಿ. ಒಂದ್ ಸಲ ತಿಂದು ಇಂತದ್ದು ತೀರ್ಮಾನ ಆಗಾಕಿಲ್ಲ. ಗೌರಿ ಅಬ್ಬಕ್ಕೆ ಇನ್ನೊಂದ್ ಸಲ ಮಾಡು. ಬಂದು ನೋಡ್ತೀನಿ.’

ಬಂದಳು. ಆರು ತಿಂದು, ‘ಅವ್ವಂದಲ್ಲ’ ಎಂದಳು. ದೀಪಾವಳಿಗೆ ಬಂದಳು, ನಾಲ್ಕು ದಿನ ಉಳಿದಳು, ‘ಅತ್ರುಕ್ಕೆ ಬಂದದೆ, ಆದ್ರೆ ಅವ್ವಂದಲ್ಲ’ ಎಂದು ಒಂದು ಡಬ್ಬಿ ಕಟ್ಟಿಸಿಕೊಂಡು ಹೋದಳು. ಈಗ ಹಬ್ಬವಿಲ್ಲದಿದ್ದರೂ ತೀರ್ಮಾನಕ್ಕೆ ಬರುತ್ತಾಳೆ. ಪಾಕವನ್ನು ಇನ್ನೊಂದು ನಿಟ್ಟುಸಿರಿನಷ್ಟು ಹೊತ್ತು ಬಿಟ್ಟರೆ ಹಲ್ಲಿಗಂಟುವ, ಅಪ್ಪಟ ಅವ್ವನ ಕಜ್ಜಾಯವೇ ಆಗುತ್ತದೆಂದು ನನಗೆ ಗೊತ್ತು. ಒಂದೇ ನಿಮಿಷದ ಕೆಲಸ. ಅವಳು ‘ಅವ್ವಂದೇ’ ಎಂದುಬಿಟ್ಟರೆ ಪಣ ಮುಗಿದುಹೋಗುತ್ತದೆ. ನಾನೇನು ದಡ್ಡನೇ? ನಿಟ್ಟುಸಿರು ಕೇಳಿದ ಕೂಡಲೇ ಇಳಿಸುತ್ತೇನೆ. ಅವಳಿಗೂ ಅದು ಗೊತ್ತು. ಪಕ್ಕದಲ್ಲೇ ಕೂತು, ನನ್ನ ಜೊತೆಯಲ್ಲೇ ‘ಸಾಕು’ ಎನ್ನುತ್ತಾಳೆ.

ಇದನ್ನು ಬರೆಯುತ್ತಿರುವಾಗಲೇ ಫೋನು ಬಂತು. ಹಿಂದೆ ಬಸ್ಸಿನ ಹಾರನ್ನು, ಟಿಕೆಟ್ ಟಿಕೆಟ್ ಎನ್ನುವ ಕಂಡಕ್ಟರು.

‘ನರಸೀಪುರ ಬುಟ್ಟಿವ್ನಿ ಕಣ್ಲಾ’ ಎಂದಳು ಅಕ್ಕ. ‘ಕೈ ತೊಳ್ಕಂಡಿರು.’